ಮಾರ್ನಾಮಿಗೆ ಮುಂಚಿನ ಬೇಸಿಗೆ

ರಾಮನವಮಿ ಕಳೆದ ಮಾರನೆಯ ದಿನದಿಂದ ಮೊದಲ ದೊಡ್ಡ ಮಳೆ ಬೀಳುವವರೆಗೆ ಕೆಂಚಮ್ಮ ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ಎದುರು, ಹೊಂಗೆ ಮರದ ಕೆಳಗೆ, ದಾರಿಹೋಕರಿಗೆ ನೀರು ಕೊಡುತ್ತಿದ್ದಳು. ಅಕ್ಕಿ ಮಂಡಿಯ ವೃಷಭೇಂದ್ರಪ್ಪನವರು ತಮ್ಮ ತಾಯಿಯ ಹೆಸರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಹಾಕಿಸುತ್ತಿದ್ದ ಅರವಟ್ಟಿಗೆ ಅದು. ನಾಲ್ಕು ಗಳ, ಮೇಲೆ ತೆಂಗಿನ ಗರಿ, ಒದ್ದೆ ಮರಳಿನ ಮೇಲೆ ಕೂರಿಸಿದ ಗುಡಾಣಗಳು. ನೀರಿಗೆ ಲಾವಂಚದ ಬೇರು ಹಾಕಿರುತ್ತಿದ್ದರು. ಶನಿವಾರ ಮಾತ್ರ ಮಜ್ಜಿಗೆ.

ನಂಜನಗೂಡಿನ ರೈಲು ಬಂದು ನಿಂತರೆ ಜನ ಮುತ್ತಿಕೊಳ್ಳುತ್ತಿದ್ದರು. ಅವರು ಬಗ್ಗಿ ಬೊಗಸೆ ಒಡ್ಡುವರು, ಅವಳು ಗಿಂಡಿಯಿಂದ ಹೊಯ್ಯುವಳು. ಕುಡಿಯುವವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ನೆತ್ತಿ, ರುಮಾಲು, ಬೆರಳ ಸಂದಿಯಲ್ಲಿ ಸೋರುವ ನೀರು, ಇಷ್ಟೇ. ಸಾಕೆಂದು ತಲೆ ಅಲ್ಲಾಡಿಸಿದರೆ ನಿಲ್ಲಿಸುವಳು.

ಕೃಷ್ಣಮೂರ್ತಿಪುರಂನ ಅವಳ ಬೀದಿಯಲ್ಲಿ, ಕೆಂಚಮ್ಮ ಅಲ್ಲಿ ನಿಲ್ಲುವುದು ಗಂಡನ ದಾರಿ ಕಾಯಲು ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಅವಳು ಹೌದೆಂದೂ ಅಲ್ಲವೆಂದೂ ಹೇಳಿದವಳಲ್ಲ. ಗಂಡ ಚೆಲುವರಾಜು ಗಿರಣಿಯಲ್ಲಿ ಕೆಲಸಕ್ಕಿದ್ದ. ಸ್ವಾತಂತ್ರ್ಯ ಬಂದ ವರ್ಷ, ಜವಾಬ್ದಾರಿ ಸರ್ಕಾರ ಬೇಕೆಂದು ಜನ ಅರಮನೆ ಮುಂದೆ ಕೂಗಿ, ಆ ಗಲಾಟೆಯೆಲ್ಲ ತಣ್ಣಗಾದ ಮೇಲೆ ಬಂದ ಮಾರ್ನಾಮಿಯಲ್ಲಿ, ಬನ್ನಿಮಂಟಪದ ಪಂಜಿನ ಕವಾಯತು ನೋಡಿಕೊಂಡು ಬರುತ್ತೇನೆಂದು ಹೋದವನು ಹಿಂದಿರುಗಲಿಲ್ಲ. ಜಗಳವಾಗಿರಲಿಲ್ಲ. ಕುಡಿತವೂ ಇರಲಿಲ್ಲ. ಅವನಿಗೆಂದು ಎತ್ತಿಟ್ಟ ಮುದ್ದೆ ಬೆಳಿಗ್ಗೆ ಒಡೆದು ಗಟ್ಟಿಯಾಗಿತ್ತು. ಅದನ್ನು ಹಸುವಿಗೆ ಹಾಕಿದ್ದು ಅವಳಿಗೆ ಈಗಲೂ ಚೆನ್ನಾಗಿ ನೆನಪಿದೆ. ಮುಖವೇ ಅಷ್ಟು ಚೆನ್ನಾಗಿ ನೆನಪಿಲ್ಲ.

ಮನೆಯಲ್ಲಿ ಉಳಿದವರು ಮೈದುನ ಮಹದೇವು, ಅವನ ಮಗಳು ಪ್ರೇಮಲೀಲಾ. ಹೆರಿಗೆಯಲ್ಲೇ ತಾಯಿ ತೀರಿಕೊಂಡಿದ್ದ ಆ ಮಗುವನ್ನು ಮೊದಲ ದಿನದಿಂದ ಎತ್ತಿ ಆಡಿಸಿದವಳು ಕೆಂಚಮ್ಮ. ಹುಡುಗಿಗೆ ಈಗ ಹದಿನೇಳು. ಮಂಡ್ಯದ ಕಡೆಯಿಂದ ಸಂಬಂಧ ಬಂದು ಗೊತ್ತಾಗಿತ್ತು.

ಲಗ್ನವನ್ನು ವೈಶಾಖದಲ್ಲೇ ಇಡಿಸಿದವಳು ಮಹದೇವುವಿನ ಸೋದರತ್ತೆ ದೇವೀರಮ್ಮ. ಬೀಗರು ಕಾರ್ತಿಕ ಆಗಲಿ ಅಂದಿದ್ದರು. ಮುದುಕಿ ಒಪ್ಪಲಿಲ್ಲ. ಹನ್ನೆರಡು ವರ್ಷ ಸುಳಿವಿಲ್ಲದವನನ್ನು ಸತ್ತನೆಂದೇ ಬಗೆದು, ದರ್ಭೆಯಲ್ಲಿ ಆಕಾರ ಮಾಡಿ ಸುಟ್ಟು, ಕರ್ಮ ಮಾಡಿ ಮುಗಿಸುವುದು ರೂಢಿ. ಬರುವ ಮಾರ್ನಾಮಿಗೆ ಚೆಲುವರಾಜುವಿಗೆ ಹನ್ನೆರಡು ತುಂಬುತ್ತಿತ್ತು. ಅಲ್ಲಿಯವರೆಗೆ ಕೆಂಚಮ್ಮ ಮುತ್ತೈದೆ. ಆಮೇಲಲ್ಲ.

"ಸಾಕ್ದೋಳು ಅರಿಸಿನ ಹಚ್ದೆ ಮೂಲೇಲಿ ಕೂತ್ಕೊಂಡ್ರೆ ಅದೊಂದು ಮದುವೇನಾ?" ಎಂದು ದೇವೀರಮ್ಮ ಗದರಿದ್ದಳು. "ನನ್ನ ಸೊಸೆ ಹಣೇಲಿ ಕುಂಕುಮ ಇರೋವಾಗ್ಲೇ ಆಗ್ಬುಡ್ಲಿ ಕಣೋ ಮಾದೇವ. ಆಮೇಲಿಂದು ಆಮೇಲೆ."

ಮುದುಕಿ ಆ ಮಾತನ್ನು ಕೆಂಚಮ್ಮನ ಎದುರಿಗೇ ಆಡಿದ್ದಳು. ಕೆಂಚಮ್ಮ ಅವರೆಕಾಳು ಬಿಡಿಸುತ್ತಾ ಕೂತಿದ್ದಳು. ತನ್ನ ಕುಂಕುಮಕ್ಕೆ ಹೀಗೆ ಒಂದು ಗಡುವು ಗೊತ್ತಾಗಿದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ಹುಡುಗಿಗೆ ಅರಿಸಿನ ಹಚ್ಚಿಬಿಟ್ಟರೆ ಸಾಕು, ಬೇರೇನೂ ಬೇಡ ಎಂದುಕೊಂಡಳು. ಬಹಳ ವರ್ಷಗಳಲ್ಲಿ ಅವಳು ಬೇಕೆಂದುಕೊಂಡದ್ದು ಅದೊಂದೇ.

ಮದುವೆಗೆ ಇನ್ನು ನಾಲ್ಕು ದಿನ ಇತ್ತು. ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗಿತ್ತು. ಮಧ್ಯಾಹ್ನದ ರೈಲಿನಿಂದ ಇಳಿದ ಒಬ್ಬ ವಯಸ್ಸಾದ ಮನುಷ್ಯ ನೀರು ಕುಡಿದು, ಎಲ್ಲರೂ ಹೋದ ಮೇಲೂ ಅಲ್ಲೇ ನಿಂತ.

"ಗುರುತು ಸಿಗ್ಲಿಲ್ವೇನವ್ವ? ನಾನು ನಿಂಗಯ್ಯ. ಚೆಲುವರಾಜು ಜೊತೇಲಿ ಗಿರಣೀಲಿದ್ದೆ."

ಗುರುತು ಸಿಕ್ಕಿತೆಂದು ಅವಳು ತಲೆಯಾಡಿಸಿದಳು.

"ಆಮೇಲೆ ನಾನು ಕೊಯಮತ್ತೂರಿಗೆ ಹೋದೆ. ಅವ್ನೂ ಅಲ್ಲೇ ಇದ್ದ ಕಣವ್ವ, ಬೇರೆ ಗಿರಣೀಲಿ. ಹೋದ್ವರ್ಷದವರ್ಗೂ ನಂಗೂ ಗೊತ್ತಿರ್ಲಿಲ್ಲ." ನಿಂಗಯ್ಯ ಹೆಗಲ ವಸ್ತ್ರದಿಂದ ಬಾಯಿ ಒರೆಸಿದ್ದನ್ನೇ ಮತ್ತೆ ಒರೆಸಿದ. "ದೀಪಾವಳಿ ಹೊತ್ತಲ್ಲಿ ಹೋಗ್ಬುಟ್ಟ. ಎದೆ ಕಾಯಿಲೆ. ನಾವೇ ನಾಕು ಜನ ಎತ್ತಿಕೊಂಡು ಹೋದೋ."

ಕೆಂಚಮ್ಮ ಗಿಂಡಿಯನ್ನು ಗುಡಾಣದೊಳಗೆ ಅದ್ದಿ ತುಂಬಿಸಿಕೊಂಡಳು. ಅದು ತುಂಬಿ ಗುಳುಗುಳು ಅನ್ನುವುದು ನಿಲ್ಲುವವರೆಗೆ ಕಾದಳು.

"ಊಟಕ್ಕೆ ಏನು ಮಾಡ್ಕೊಂಡಿದ್ರು?" ಎಂದಳು.

ನಿಂಗಯ್ಯ ಬೇರೆ ಏನನ್ನೋ ಎದುರು ನೋಡಿದ್ದಿರಬೇಕು. "ಒಬ್ನೇ ಇದ್ದ. ಓಟ್ಲಲ್ಲಿ ತಿಂತಿದ್ದ," ಎಂದ. ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಊರಿಗೆ ಯಾಕಪ್ಪಾ ಹೋಗ್ಲಿಲ್ಲ ಅಂತ ಕೇಳ್ದೆ. ಮೊದಲ್ನೇ ವರ್ಷ ಹೋಗಿದ್ರೆ ಹೋಗ್ಬೋದಿತ್ತು ಅಂದ. ಅಷ್ಟೇ ಅಂದಿದ್ದು."

"ಹೂಂ."

"ಮಾದೇವುಗೆ ಹೇಳ್ಬುಟ್ಟು ಹೋಗ್ತೀನಿ, ಮನೆ ಅದೇನಾ?"

"ಮನೇಲಿ ಮದುವೆ ಇದೆ," ಎಂದಳು ಕೆಂಚಮ್ಮ. "ನೀವು ಬರಬೇಡಿ. ಮುಗೀಲಿ, ನಾನೇ ಹೇಳ್ತೀನಿ."

ಅವನು ಅವಳ ಹಣೆಯನ್ನು ನೋಡಿದ, ಬಳೆಗಳನ್ನು ನೋಡಿದ. "ನಾನು ಹೇಳೋದು ಹೇಳಿದ್ದೀನಿ. ಇನ್ನು ನಿಮ್ಮಿಷ್ಟ ಕಣವ್ವ," ಎಂದು ಸ್ಟೇಷನ್ನಿನ ಕಡೆಗೇ ನಡೆದುಬಿಟ್ಟ. ಅಷ್ಟರಲ್ಲಿ ಸೌದೆ ಗಾಡಿಯವರು ಬಂದು ಬೊಗಸೆ ಒಡ್ಡಿದರು. ಅವಳು ಹೊಯ್ದಳು.  ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವ ಹಾಗೆ.

ಮನೆಗೆ ಬಂದರೆ ಚಪ್ಪರ ಏಳುತ್ತಿತ್ತು. ಮಹದೇವು ಏಣಿಯ ಮೇಲೆ ನಿಂತು ಗರಿ ಕಟ್ಟಿಸುತ್ತಿದ್ದ. "ಅತ್ಗೆ, ಬೆಲ್ಲ ಬಂತು, ಒಂದು ಸಲ ನೋಡ್ಬುಡಿ," ಎಂದ. ಅವಳು ಬೆಲ್ಲ ನೋಡಿದಳು. ಚೆನ್ನಾಗಿದೆ ಎಂದಳು. ಹೇಳಿದರೆ ಸೂತಕ; ಲಗ್ನ ನಿಲ್ಲುತ್ತದೆ, ಬೀಗರು ಕಾಯುವ ಜನರಲ್ಲ. ಹೇಳದಿದ್ದರೆ ಗಂಡ ಸತ್ತವಳ ಕೈಯ ಅರಿಸಿನ ಆ ಹುಡುಗಿಯ ಮೈಗೆ. ಊರಲ್ಲಿ ಅವಳು ಚಿಕ್ಕವಳಾಗಿದ್ದಾಗ, ವಿಧವೆಯೊಬ್ಬಳು ಎದುರು ಬಂದಳೆಂದು ದಿಬ್ಬಣವನ್ನೇ ಹಿಂದಕ್ಕೆ ತಿರುಗಿಸಿದ್ದನ್ನು ಕಂಡಿದ್ದಳು. ದೀಪಾವಳಿಯಿಂದ ಈಚೆಗೆ ತಾನೂ ಅದೇ, ಗೊತ್ತಿಲ್ಲದೆ. ಗೊತ್ತಿಲ್ಲದೆ ಯುಗಾದಿಗೆ ಹೂ ಮುಡಿದಿದ್ದಳು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಈಗ ಗೊತ್ತಾಗಿದೆ.

ಅರಿಸಿನದ ದಿನ ಬೆಳಿಗ್ಗೆ ಒರಳಿಗೆ ಪೂಜೆ ಮಾಡಿ, ಸೋಬಾನೆ ಹೇಳುತ್ತಾ ಅರಿಸಿನ ಕುಟ್ಟಿದರು. ಒನಕೆ ಹಿಡಿಯಲು ಕರೆದಾಗ ಕೆಂಚಮ್ಮ ಒಲೆಯ ಮುಂದಿನ ಕೆಲಸ ಹೇಳಿ ತಪ್ಪಿಸಿಕೊಂಡಳು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ ಮೇಲೆ ತಪ್ಪಿಸಿಕೊಳ್ಳಲಾಗಲಿಲ್ಲ.

"ಕೆಂಚೀ, ಮೊದ್ಲು ನೀನು ಬಾರೆ," ಎಂದಳು ದೇವೀರಮ್ಮ.

"ಬೇರೇರು ಹಚ್ಲಿ ಅತ್ತೆ. ನನ್ನ ಕೈ ಒರಟು."

"ಒರಟು ಕೈಲೇ ಇಷ್ಟು ವರ್ಷ ನನ್ನ ತಲೆ ಉಜ್ಜಿ ಉಜ್ಜಿ ಅಳಿಸಿದ್ದೀಯಲ್ಲ ದೊಡ್ಡವ್ವ," ಎಂದಳು ಪ್ರೇಮಲೀಲಾ, ಮಣೆಯ ಮೇಲಿಂದಲೇ. "ಇವತ್ತು ಯಾವೂರಿಂದ ಬಂತು ಈ ನಾಜೂಕು?"

ಹೆಂಗಸರು ಗೊಳ್ಳೆಂದು ನಕ್ಕರು. ಯಾರೋ ಅರಿಸಿನದ ಬಟ್ಟಲನ್ನು ಅವಳ ಕೈಗಿತ್ತರು.

ಪ್ರೇಮಲೀಲಾ ಕಣ್ಣು ಮುಚ್ಚಿ ಮುಖ ಮೇಲೆತ್ತಿದ್ದಳು. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚುವಾಗಲೂ ಹೀಗೇ. ಹುಬ್ಬಿನ ಪಕ್ಕದಲ್ಲಿ ಸಿಡುಬಿನ ಒಂದು ಸಣ್ಣ ಗುಳಿ. ಆ ಕಾಯಿಲೆಯಲ್ಲಿ ಕೆಂಚಮ್ಮ ಬೇವಿನ ಸೊಪ್ಪು ಬೀಸುತ್ತಾ ಕೂತಿದ್ದಳು. ಆಗಲೂ ಇವಳ ಮೈ ಮುಟ್ಟಿದ್ದು ಈ ಕೈಯೇ.

ಅವಳು ಹಚ್ಚಿದಳು. ಕೆನ್ನೆಗೆ, ತೋಳಿಗೆ, ಪಾದಕ್ಕೆ. ಸುಖವಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಅರಿಸಿನ ತಣ್ಣಗಿತ್ತು, ಅಷ್ಟೇ.

ಧಾರೆ ಆಯಿತು. ಮಾರನೆಯ ಮಧ್ಯಾಹ್ನ ಬಸ್ಸು ಹತ್ತುವಾಗ ಹುಡುಗಿ ಅತ್ತಳು, ಮಹದೇವು ಅತ್ತ, ಮುದುಕಿ ಸೆರಗು ಕಚ್ಚಿಕೊಂಡು ಅತ್ತಳು. ಕೆಂಚಮ್ಮ ಬುತ್ತಿಯ ಗಂಟು ಕಿಟಕಿಯೊಳಗೆ ಕೊಟ್ಟು, "ಮೊಸರನ್ನ ಮೊದ್ಲು ತಿಂದ್ಬುಡಿ, ಹುಳಿಯಾಗುತ್ತೆ," ಎಂದಳು.

ನೆಂಟರೆಲ್ಲ ಹೋದ ಮೇಲೆ, ಬಿಚ್ಚದ ಚಪ್ಪರದ ಕೆಳಗೆ ಮೂವರೇ ಕೂತಿದ್ದಾಗ, ಹೇಳಿದಳು. ನಿಂಗಯ್ಯ ಹೇಳಿದಷ್ಟನ್ನೇ, ಅದೇ ಕ್ರಮದಲ್ಲಿ.

ಮಹದೇವು ಮೊದಲು ಅಣ್ಣಾ ಎಂದು ಬಾಯಿಬಿಟ್ಟು ಅತ್ತ. ಅಳು ನಿಂತ ಮೇಲೆ ಕೇಳಿದ. "ಯಾವತ್ತು ಗೊತ್ತಾಯ್ತು ಅತ್ಗೆ?"

"ಅರಿಸಿನಕ್ಕೆ ಮುಂಚೆ."

"ಗೊತ್ತಿದ್ದೂ ಹಚ್ಚಿದ್ರಾ?"

"ಹೂಂ."

"ನನ್ನ ಮಗಳಿಗೆ ನಾಳೆ ಏನಾರ ಆದ್ರೆ?"

 ದೇವೀರಮ್ಮ ಎದ್ದು ಬಂದು, "ಎದ್ದೇಳ್ರೋ, ಸ್ನಾನ ಮಾಡಿ," ಎಂದಷ್ಟೇ ಹೇಳಿದಳು. ಮುದುಕಿಯೂ ಕೆಂಚಮ್ಮನ ಮುಖ ನೋಡಲಿಲ್ಲ.

ಮಹದೇವು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಣ್ಣನ ಕರ್ಮ ಮುಗಿಸಿ ಬಂದ. ಬಂದವನು ಅತ್ತಿಗೆಯೊಡನೆ ಮಾತಾಡಲಿಲ್ಲ. ಅವಳು ಬಡಿಸಿಟ್ಟದ್ದನ್ನು ಉಂಡು ಏಳುವನು. ಬೀಗರ ಕಡೆಯಿಂದ ಯಾರೇ ಬಂದರೂ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಕೆಂಚಮ್ಮನೂ ಬಾಗಿಲಲ್ಲಿ ನಿಂತು, ಬಂದವರು ಚಪ್ಪಲಿ ಬಿಡುವ ರೀತಿಯನ್ನೇ ನೋಡುತ್ತಿದ್ದಳು. ಕೆಟ್ಟ ಸುದ್ದಿ ತಂದವರು ನಿಧಾನವಾಗಿ ಬಿಡುತ್ತಾರೆಂದು ಅವಳ ನಂಬಿಕೆ.

ಪ್ರೇಮಲೀಲಾ ತವರಿಗೆ ಬಂದಾಗ ಮಳೆ ಹಿಡಿದಿತ್ತು. ದೊಡ್ಡಪ್ಪ ತೀರಿಕೊಂಡದ್ದೂ, ಅದು ದೊಡ್ಡವ್ವನಿಗೆ ಅರಿಸಿನಕ್ಕೆ ಮುಂಚೆಯೇ ಗೊತ್ತಿದ್ದದ್ದೂ ಅವಳಿಗೆ ಮಂಡ್ಯದಲ್ಲೇ ತಿಳಿದಿತ್ತು. ಕೊಡೆ ಮಡಿಸಿ ಮೂಲೆಗಿಟ್ಟು, ತಂದೆಯನ್ನು ಮಾತಾಡಿಸದೆ, ಸೀದಾ ಅಡಿಗೆಮನೆಗೆ ಬಂದಳು. ಮೈ ತುಂಬಿಕೊಂಡಿದ್ದಳು. ದೊಡ್ಡವ್ವನ ಬರಿ ಹಣೆಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಮದುವೇಲಿ ಅಳದೇ ಇದ್ದೋಳು ನೀನೊಬ್ಳೇ," ಎಂದಳು. "ಬಸ್ನಲ್ಲಿ ನಮ್ಮತ್ತೆ ಕೇಳಿದ್ರು, ನಿಮ್ಮ ದೊಡ್ಡವ್ವ ಏನು ಕಲ್ಲಾ ಅಂತ. ನಾನು ನಿನ್ನ ಮೇಲೇ ಸಿಟ್ಟು ಮಾಡ್ಕೊಂಡೆ."

"ಅಳು ಬರ್ಲಿಲ್ಲ ಕಣೆ."

"ಅವತ್ತು ನಂಗಾದ್ರೂ ಹೇಳ್ಬೋದಿತ್ತು."

"ಹೇಳಿದ್ರೆ ಏನು ಮಾಡ್ತಿದ್ದೆ?"

ಹುಡುಗಿ ಯೋಚಿಸುತ್ತಿದ್ದಳು, ನಿಜವಾಗಿಯೂ. ಸುಳ್ಳು ಹೇಳುವ ಹುಡುಗಿಯಲ್ಲ ಅದು. ಕೆಂಚಮ್ಮ ಒಲೆಯ ಉರಿ ತಗ್ಗಿಸಿದಳು.

"ಗೊತ್ತಿಲ್ಲ ದೊಡ್ಡವ್ವ," ಎಂದಳು ಕೊನೆಗೆ. "ಹೆದರ್ಕೋತಿದ್ನೇನೋ."

"ಹೂಂ. ಅದಕ್ಕೇ ಹೇಳ್ಲಿಲ್ಲ."

ಪ್ರೇಮಲೀಲಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. "ಇನ್ನೊಂದು ಸುದ್ದಿ ಇದೆ. ಅಪ್ಪನಿಗೆ ಹೇಳಿಲ್ಲ ಇನ್ನೂ. ಎರಡು ತಿಂಗಳಾಯ್ತು ನಂಗೆ," ಎಂದಳು. "ಹೆರಿಗೆಗೆ ಇಲ್ಲಿಗೇ ಬರ್ತೀನಿ. ನೀನೇ ನೋಡ್ಕೋಬೇಕು."

ಕೆಂಚಮ್ಮ ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿದಳು. ಹಜಾರದಲ್ಲಿ ಮಹದೇವು ಕೆಮ್ಮಿದ್ದು ಕೇಳಿಸಿತು.

"ಹೋಗು, ನಿಮ್ಮಪ್ಪನಿಗೆ ಮೊದ್ಲು ಹೇಳು," ಎಂದಳು. "ಅವನು ಭಯ ಪಟ್ಕೊಂಡು ಕೂತವ್ನೆ."