ಪಂಚರ್ ಆಗದ ಪೆದ್ದಣ್ಣನ ಸೈಕಲ್ಲು

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮೊದಲು ಸೈಕಲ್ ತಂದವನು ಪೆದ್ದಣ್ಣ. ತಂದವನು ಎನ್ನುವುದಕ್ಕಿಂತ ಜೋಡಿಸಿದವನು ಎಂದರೆ ಸರಿ. ಚೌಕಟ್ಟು ಬಳ್ಳಾರಿಯ ಗುಜರಿಯದು, ಹಿಂದಿನ ಚಕ್ರ ಯಾರೋ ಪಾದ್ರಿಯ ಮನೆಯಿಂದ ಹರಾಜಿಗೆ ಬಂದದ್ದು, ಮುಂದಿನ ಚಕ್ರ ಎಲ್ಲಿಯದೆಂದು ಅವನಿಗೂ ತಿಳಿಯದು. ಬೆಲ್ ಇರಲಿಲ್ಲ. ಎದುರಿಗೆ ಎಮ್ಮೆ ಬಂದರೆ ಬಾಯಲ್ಲೇ ಕೂಗುತ್ತಿದ್ದ. ವಯಸ್ಸು ಮೂವತ್ತೈದರ ಸುಮಾರು, ಬಡಕಲು ಮೈ, ಗುಂಡಿಮಗ್ಗದಲ್ಲಿ ಕುಳಿತು ಕುಳಿತು ಬೆನ್ನು ತುಸು ಬಾಗಿತ್ತು. ಸೈಕಲ್ ಮೇಲೂ ಅವನು ಮಗ್ಗಕ್ಕೆ ಬಾಗಿದಂತೆಯೇ ಕಾಣುತ್ತಿದ್ದ.

ನಾನು ಇದನ್ನು ಪೆದ್ದಣ್ಣನ ಬಾಯಿಂದ ಕೇಳಿದೆ, ಆಮೇಲೆ ಅವನ ಹೆಂಡತಿ ಸೂರಮ್ಮನನ್ನೂ ಕೇಳಿದೆ. ಇಬ್ಬರ ಮಾತೂ ಕೂಡಿದಷ್ಟನ್ನು ಮಾತ್ರ ಬರೆದಿದ್ದೇನೆ.

ಪೆದ್ದಣ್ಣ ಸ್ವಂತ ರೇಷ್ಮೆ ಇಟ್ಟುಕೊಂಡು ನೇಯುವವನಲ್ಲ. ಸಾಹುಕಾರ ಮರುಳಪ್ಪ ಎಳೆ ಕೊಡುವುದು, ಇವನು ಸೀರೆ ನೇಯ್ದು ಕೊಡುವುದು. ಆ ಮನೆಯ ಕಟ್ಟುಪಾಡು ಬಿಗಿ. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಮುಗಿದು ಕೊನೆಯ ಸೀರೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಗೇಣುದ್ದದ ಎಳೆಗಳು ಉಳಿಯುತ್ತವೆ. ಆ ತುಂಡು ಎಳೆಗಳನ್ನೂ ಕಟ್ಟಿ ಸಾಹುಕಾರನಿಗೆ ಒಪ್ಪಿಸಬೇಕು. ಬೀದಿಯಲ್ಲಿ ಯಾರೂ ಪೂರಾ ಒಪ್ಪಿಸುತ್ತಿರಲಿಲ್ಲ. ಒಂದು ಹಿಡಿ ಉಳಿಸಿಕೊಂಡು ಮಕ್ಕಳಿಗೆ ಉಡಿದಾರ ಹೊಸೆಯುತ್ತಿದ್ದರು. ಆದರೆ ಸಿಕ್ಕಿಬಿದ್ದವನಿಗೆ ಆ ಊರಿನ ಯಾವ ಸಾಹುಕಾರನೂ ಮತ್ತೆ ಎಳೆ ಕೊಡುವುದಿಲ್ಲ. ಎಳ್ಳಷ್ಟು ಕದ್ದರೂ ಕಳ್ಳ ಕಳ್ಳನೇ ಎಂಬುದು ಸಾಹುಕಾರರ ಮಾತು.

ಮರುಳಪ್ಪನಿಗೆ ನಲವತ್ತರ ಮೇಲೆ ಸೈಕಲ್ ಹುಚ್ಚು ಹಿಡಿಯಿತು. ಚಳ್ಳಕೆರೆಯ ಕಡಲೆಕಾಯಿ ಮಂಡಿಯ ಚಿಕ್ಕಬಸಪ್ಪ ಇಂಗ್ಲೆಂಡಿನ ಸೈಕಲ್ ತರಿಸಿದನೆಂದು ಕೇಳಿ ಇವನೂ ತರಿಸಿದ. ಆ ಬೆಲೆಗೆ ಎರಡು ಜೊತೆ ಉಳುವ ಎತ್ತು ಬರುತ್ತಿದ್ದವು. ಇನ್ನಿಬ್ಬರು ವರ್ತಕರೂ ಸೇರಿಕೊಂಡರು. ಭಾನುವಾರ ಬಂದರೆ ನಾಲ್ವರೂ ಚಳ್ಳಕೆರೆ ದಾರಿಯಲ್ಲಿ, ದನ ಮೇಯುವ ಕಾವಲಿನ ಹುಲ್ಲಿನ ನಡುವೆ, ಗಾಳಿ ಸವಾರಿ ಹೋಗುವರು. ದಾರಿಯಲ್ಲಿ ಒಂದು ಬಾವಿ, ಅದರ ಪಕ್ಕದಲ್ಲಿ ಹೊಂಗೆಮರ. ಅಲ್ಲಿ ಬುತ್ತಿ ಬಿಚ್ಚಿ ತಿಂದು, ಯಾರ ಸೀಟು ಯಾವ ಚರ್ಮದ್ದು, ಯಾರ ಚಕ್ರ ಕೈಬಿಟ್ಟರೆ ಎಷ್ಟು ಹೊತ್ತು ತಿರುಗುತ್ತದೆ ಎಂದು ಮಾತಾಡುವರು. ಬುತ್ತಿ, ನೀರು, ಗಾಳಿ ಪಂಪು ಹೊರಲು ಒಬ್ಬ ಬೇಕಲ್ಲ, ಪೆದ್ದಣ್ಣನನ್ನು ಕರೆದರು. ಅವನು ಊಟ ಸಿದ್ಧಮಾಡಲು ಮುಂದಾಗಿ ಹೋಗಬೇಕು. ಹಿಂತಿರುಗುವಾಗ ಎಲ್ಲರ ಹಿಂದೆ ಬರಬೇಕು.

"ಲೇ ಪೆದ್ದ, ನಿನ್ನ ಗಾಡಿ ನಮ್ಮ ಪಕ್ಕಕ್ಕೆ ತರಬ್ಯಾಡ. ಅದರ ಕೀರಲಿಗೆ ನಮ್ಮ ಸೈಕಲ್ ಬೆದರ್ತಾವೆ" ಎಂದು ಚಿಕ್ಕಬಸಪ್ಪ ಅನ್ನುತ್ತಿದ್ದ.

"ಎತ್ತು ಬೆದರ್ತಾವೆ ಸಾಹುಕಾರ್ರೆ, ಸೈಕಲ್ ಬೆದರಿದ್ದು ನಾನು ಕಾಣೆ" ಎನ್ನುತ್ತಿದ್ದ ಪೆದ್ದಣ್ಣ. ಅವನು ನಗದೆ ಹೇಳುತ್ತಿದ್ದುದರಿಂದ ಅದು ಎದುರುತ್ತರವೋ ವಿನಯವೋ ಅವರಿಗೆ ಬಗೆಹರಿಯುತ್ತಿರಲಿಲ್ಲ.

ಮಳೆ ನಿಂತು ಚಳಿ ಹುಟ್ಟುವ ತಿಂಗಳಲ್ಲಿ ತೊಂದರೆ ಶುರುವಾಯಿತು. ಮೊದಲ ಭಾನುವಾರ ಇಬ್ಬರ ಟೈರು ಪಂಚರ್ ಆದವು. ಎರಡನೆಯ ಭಾನುವಾರ ಮೂವರದು. ಮೂರನೆಯ ಭಾನುವಾರ ನಾಲ್ವರದೂ ಹೋಗಿ, ನಾಲ್ಕು ಇಂಗ್ಲೆಂಡ್ ಸೈಕಲ್ಲುಗಳನ್ನು ಚಳ್ಳಕೆರೆಯವರೆಗೆ ತಳ್ಳಿಕೊಂಡು ಹೋಗಬೇಕಾಯಿತು. ಪೆದ್ದಣ್ಣನ ಟೈರಿಗೆ ಮೂರು ವಾರವೂ ಏನೂ ಆಗಲಿಲ್ಲ.

ಚಳ್ಳಕೆರೆ ಪೇಟೆಯಲ್ಲಿ ಪಂಚರ್ ಹಾಕುತ್ತಿದ್ದವನು ಚಾಂದ್ ಪಾಷ ಒಬ್ಬನೇ. ಹೊಲಿಗೆ ಮಿಷನ್ನು ರಿಪೇರಿ ಮಾಡುತ್ತಿದ್ದವನು ಸೈಕಲ್ಲಿಗೂ ಕೈಹಾಕಿದ್ದ. ಅವನು ಟೈರಿನ ಮೇಲೆ ಬೆರಳಾಡಿಸಿ ಕಡಲೆಗಾತ್ರದ ಒಂದು ಮುಳ್ಳಿನ ಕಾಯಿ ತೆಗೆದು ಅಂಗೈಯಲ್ಲಿಟ್ಟ.

"ನೆಗ್ಗಿಲು ಮುಳ್ಳು ಸಾಬ್. ಹೆಂಗೆ ಬಿದ್ರೂ ಒಂದು ಮೊನೆ ಮೇಲಕ್ಕೇ ಇರ್ತೈತೆ."

ಚಿಕ್ಕಬಸಪ್ಪ ನಂಬಲಿಲ್ಲ. "ನೆಗ್ಗಿಲು ಹೊಲದಾಗೆ ಬೆಳೀತೈತೆ. ರಸ್ತೆ ನಡುವೆ ಗಿಡ ಐತೇನೋ? ಯಾರೋ ತಂದು ಚೆಲ್ಲಿರಬೇಕು."

"ಕುರಿ ತುಪ್ಪಟದಾಗೆ ಸಿಕ್ಕೊಂಡು ಬರ್ತಾವ್ರಿ. ಸಂತೆಗೆ ಹೊಡ್ಕೊಂಡು ಬರೋವಾಗ ಉದುರ್ತಾವೆ" ಎಂದ ಪೆದ್ದಣ್ಣ.

"ಕುರಿಗಳು ನಾವು ಹೋಗೋ ಭಾನುವಾರಾನೇ ನೋಡ್ಕೊಂಡು ಬರ್ತಾವಾ?"

"ಸೋಮವಾರ ಸಂತೆ ಅಲ್ಲೇನ್ರಿ. ಭಾನುವಾರ ಬರದಿದ್ರೆ ಯಾವತ್ತು ಬರ್ತಾವೆ?"

ಇದು ಸರಿಯಾದ ಉತ್ತರವಾಗಿತ್ತು. ಸರಿಯಾಗಿದ್ದುದೇ ತಪ್ಪಾಯಿತು. ಇಷ್ಟು ಬೇಗ ಉತ್ತರ ಹೊಳೆಯಬೇಕಾದರೆ ಮೊದಲೇ ಯೋಚಿಸಿಟ್ಟಿರಬೇಕೆಂದು ಅವರಿಗೆ ಅನಿಸಿತು. ನಾಲ್ವರಿಗಿಂತ ಮುಂದೆ ಹೋದವನು ಯಾರು? ಪೆದ್ದಣ್ಣ. ಪಂಚರ್ ಆದರೆ ಲಾಭ ಯಾರಿಗೆ? ಚಾಂದ್ ಪಾಷನಿಗೆ. ಇಬ್ಬರೂ ಕೂಡಿದ್ದಾರೆ ಎಂದು ಚಿಕ್ಕಬಸಪ್ಪ ಅಂದ. ಚಾಂದ್ ಪಾಷನಿಗೂ ಒಳಗೊಳಗೆ ಒಂದು ಗುಮಾನಿ ಇತ್ತು. ಒಂದು ವರ್ಷದಿಂದ ಈ ಭಾಯಿ ಒಂದು ಪಂಚರಿಗೂ ತನ್ನ ಹತ್ತಿರ ಬಂದಿಲ್ಲ, ಬೇರೆ ಯಾರ ಹತ್ತಿರವೋ ಹೋಗುತ್ತಾನೆ ಎಂದು. ಆದ್ದರಿಂದ ಅವನೂ ಪೆದ್ದಣ್ಣನ ಪರವಾಗಿ ಗಟ್ಟಿಯಾಗಿ ಮಾತಾಡಲಿಲ್ಲ.

ಮರುಳಪ್ಪ ಮುಂದೆ ಬಂದು, "ನಿನ್ನ ಟೈರಿನಾಗೆ ಏನೋ ಐತೆ. ಬಿಚ್ಚಿ ತೋರ್ಸು" ಎಂದ.

ಪೆದ್ದಣ್ಣ ಸೈಕಲ್ಲನ್ನು ತನ್ನ ಕಡೆ ಎಳೆದುಕೊಂಡ. "ಈವತ್ತು ಬ್ಯಾಡ್ರಿ. ಹಳೇ ಟೈರು, ಬಿಚ್ಚಿದ್ರೆ ಹರೀತೈತೆ."

"ಹರಿದ್ರೆ ನಾನು ಹೊಸದು ಕೊಡಿಸ್ತೀನಿ."

"ಬ್ಯಾಡ್ರಿ."

ಅಲ್ಲಿಗೆ ಎಲ್ಲರಿಗೂ ಗುಮಾನಿ ಗಟ್ಟಿಯಾಯಿತು. ಮರುಳಪ್ಪ ಸೈಕಲ್ಲನ್ನು ಗಾಡಿಯ ಮೇಲೆ ಹಾಕಿಸಿ ಮೊಳಕಾಲ್ಮೂರಿಗೆ ತಂದು ತನ್ನ ಉಗ್ರಾಣದಲ್ಲಿಟ್ಟು ಬೀಗ ಹಾಕಿದ. "ಬರೋ ಭಾನುವಾರ ಚಾಂದ್ ಪಾಷನ ಅಂಗಡಿ ಮುಂದೆ, ಎಲ್ಲರ ಎದುರಿಗೆ ಬಿಚ್ಚಬೇಕು. ಬಿಚ್ಚದಿದ್ರೆ ನಿನ್ನ ಮಗ್ಗಕ್ಕೆ ಎಳೆ ಇಲ್ಲ" ಎಂದ. ಆ ವಾರವೇ ಪೆದ್ದಣ್ಣನ ಮಗ್ಗದ ಹಾಸು ಮುಗಿಯುವುದಿತ್ತು. ಉಗ್ರಾಣದಲ್ಲೇ ಟೈರು ಬಿಚ್ಚಿ ನೋಡಬಹುದಿತ್ತಲ್ಲ ಎಂದು ನಾನು ಪೆದ್ದಣ್ಣನನ್ನು ಕೇಳಿದೆ. ಅವನು, "ಅವರಿಗೆ ಬಿಚ್ಚೋಕೆ ಬರ್ತಿರಲಿಲ್ಲಪ್ಪ. ಅಷ್ಟು ದುಡ್ಡು ಹಾಕಿ ತಂದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡೋಕೂ ಬರ್ತಿರಲಿಲ್ಲ" ಎಂದ.

ಮನೆಗೆ ಬಂದವನ ಮುಖ ನೋಡಿ ಸೂರಮ್ಮ ತೆಲುಗಿನಲ್ಲಿ "ಏಮಯ್ಯಿಂದಿ?" ಎಂದು ಕೇಳಿದಳು. ಏನಾಯಿತೆಂದು ಅವನು ಹೇಳಿದ. ಅವಳು ಹೊಸಲಿನ ಮೇಲೆ ಕುಳಿತುಬಿಟ್ಟಳು.

ಟೈರಿನೊಳಗೆ ಇದ್ದದ್ದು ರೇಷ್ಮೆ. ಎರಡು ವರ್ಷ, ಹಾಸು ಮುಗಿದಾಗಲೆಲ್ಲ ಒಂದು ಹಿಡಿ ತುಂಡು ಎಳೆ ಉಳಿಸಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಉಡಿದಾರ ಕಟ್ಟಲು ಯಾರೂ ಇರಲಿಲ್ಲ. ಸಾಹುಕಾರನ ಸೀರೆಗಳನ್ನು ಚಳ್ಳಕೆರೆಗೆ ಹೊತ್ತೊಯ್ಯುವಾಗ ಗಂಡನ ಸೈಕಲ್ ದಾರಿಯಲ್ಲಿ ಪಂಚರ್ ಆಗಿ ಅವನು ಬಿಸಿಲಲ್ಲಿ ತಳ್ಳಿಕೊಂಡು ಬರುವುದನ್ನು ನೋಡಲಾರದೆ ಸೂರಮ್ಮನೇ ಆ ಎಳೆಗಳನ್ನು ಗಂಟು ಹಾಕಿ, ಹುರಿಮಾಡಿ, ಜಡೆಯ ಹಾಗೆ ಒತ್ತಾಗಿ ಹೆಣೆದಿದ್ದಳು. ಎರಡು ಬೆರಳಗಲ, ಐದು ಮೊಳ ಉದ್ದದ ಪಟ್ಟಿ, ಚಕ್ರಕ್ಕೊಂದರಂತೆ ಎರಡು. ಅದನ್ನು ಟೈರಿಗೂ ಟ್ಯೂಬಿಗೂ ನಡುವೆ ಹಾಸಿದರೆ ನೆಗ್ಗಿಲು ಮುಳ್ಳು ಟೈರು ದಾಟಿ ರೇಷ್ಮೆಯಲ್ಲಿ ಸಿಕ್ಕಿಕೊಂಡು ಅಲ್ಲೇ ಮುರಿಯುತ್ತಿತ್ತು. ಬಣ್ಣ ಮಾತ್ರ ಬಚ್ಚಿಡುವಂಥದ್ದಲ್ಲ. ಆ ದಾಳಿಂಬೆ ಕೆಂಪು ಮರುಳಪ್ಪನ ಮನೆಯ ಬಣ್ಣಗಾರನದು, ಬೇರೆಲ್ಲೂ ಸಿಗದು.

"ಬಿಚ್ಚಿದ್ರೆ ರೇಷ್ಮೆ ಕಳ್ಳ. ಬಿಚ್ಚದಿದ್ರೆ ಮುಳ್ಳು ಚೆಲ್ಲಿದ ಕಳ್ಳ. ಯಾವುದು ವಾಸಿ ಹೇಳು" ಎಂದ ಪೆದ್ದಣ್ಣ.

"ಮಾಡಿದ್ದಕ್ಕೆ ಅನ್ನಿಸಿಕೊಳ್ಳೋದು ವಾಸಿ" ಎಂದಳು ಸೂರಮ್ಮ. ಒಲೆಯ ಕಡೆ ನೋಡಿ, "ಸೈಕಲ್ ಮನೇಲಿದ್ದಿದ್ರೆ ಪಟ್ಟಿ ತೆಗೆದು ಒಲೆಗೆ ಹಾಕಬಹುದಿತ್ತು. ಸುಳ್ಳು ಯಾಕೆ ಹೇಳಲಿ, ಹಾಕ್ತಿದ್ದೆ" ಎಂದಳು.

ಭಾನುವಾರ ಅವನನ್ನು ಮುಂದೆ ಬಿಡಲಿಲ್ಲ. ಇಬ್ಬರು ಮುಂದೆ, ಇಬ್ಬರು ಹಿಂದೆ, ನಡುವೆ ಪೆದ್ದಣ್ಣ ತನ್ನ ಸೈಕಲ್ ಮೇಲೆ. ಬುತ್ತಿಯನ್ನು ಆವತ್ತು ಮರುಳಪ್ಪನೇ ಹೊತ್ತಿದ್ದ. ಕಾವಲಿನ ತಿರುವಿನಲ್ಲಿ ಒಂದು ದೊಡ್ಡ ಕುರಿಮಂದೆ ರಸ್ತೆ ತುಂಬ ಸಾಗುತ್ತಿತ್ತು. ಅದು ದಾಟುವವರೆಗೆ ಕಾದು ಮುಂದೆ ಹೋದರೆ, ಹತ್ತು ಮಾರಿಗೆ ಚಿಕ್ಕಬಸಪ್ಪನ ಮುಂದಿನ ಚಕ್ರ ಗಾಳಿ ಇಳಿದು ಕುಳಿತಿತು. ಬಾವಿಯ ಹತ್ತಿರ ಮರುಳಪ್ಪನದೂ ಕುಳಿತಿತು.

"ಈಗ ಹೇಳ್ರಿ. ನಾನು ನಡುವೆ ಇದ್ದೆ" ಎಂದ ಪೆದ್ದಣ್ಣ.

"ನಿನ್ನೆ ದಿನಾನೇ ಯಾರ ಕೈಲೋ ಚೆಲ್ಲಿಸಿದ್ದೀಯ" ಎಂದ ಚಿಕ್ಕಬಸಪ್ಪ.

"ಕುರಿ ಹೋಗಿದ್ದು ನೀವೂ ನೋಡಿದ್ರಿ."

"ಕುರಿಯವನಿಗೂ ನಿನಗೂ ಏನು ನಂಟೋ ಯಾರಿಗೆ ಗೊತ್ತು."

ದನದ ಕಾಲಿಗೆ ಸಿಕ್ಕು ಮುರಿಯುವ ಒಂದು ಹುಲ್ಲುಗಿಡ ಎರಡು ಜೊತೆ ಎತ್ತಿನ ಬೆಲೆಯ ಸೈಕಲ್ಲನ್ನು ನಿಲ್ಲಿಸಿತು ಎಂದು ಒಪ್ಪುವುದಕ್ಕಿಂತ, ಯಾರೋ ಹಗೆ ಸಾಧಿಸಿದರು ಎಂದುಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಹೀಗೆ ಅಂದವಳು ಸೂರಮ್ಮ. ನನಗೂ ಅದು ಸರಿ ಕಾಣುತ್ತದೆ.

ಚಾಂದ್ ಪಾಷನ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಕೂಡಿದ್ದರು. ಚಾಂದ್ ಪಾಷ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಟೈರಿಗೆ ಕೈ ಇಡುವ ಮುಂಚೆ ಪೆದ್ದಣ್ಣನ ಮುಖ ನೋಡಿದ. "ಬಿಚ್ಚಲಾ ಭಾಯಿ?" ಎಂದು ಮೆಲ್ಲಗೆ ಕೇಳಿದ.

"ನಾನೇ ಬಿಚ್ತೀನಿ, ಸಲಾಕೆ ಕೊಡು" ಎಂದು ಪೆದ್ದಣ್ಣ ಟೈರು ಎಬ್ಬಿಸುವ ಕಬ್ಬಿಣದ ಸಲಾಕೆ ಇಸಿದುಕೊಂಡ. ಟೈರಿನ ಅಂಚು ಎದ್ದಿತು. ಬೆರಳು ಹಾಕಿ ಎಳೆದ. ಗ್ರೀಸು, ಧೂಳು ಮೆತ್ತಿದ ಪಟ್ಟಿ ಹೊರಗೆ ಬಂತು. ಅದರ ತುಂಬ ಮುರಿದ ಮುಳ್ಳಿನ ಮೊನೆಗಳು. ಒಳಮೈ ತಿರುಗಿಸಿದಾಗ ಬಿಸಿಲಿಗೆ ದಾಳಿಂಬೆ ಕೆಂಪು ಹೊಳೆಯಿತು.

ಚಿಕ್ಕಬಸಪ್ಪ ಮೊದಲು ನಕ್ಕ. "ಸೈಕಲ್ಲಿಗೆ ಸೀರೆ ಉಡಿಸ್ಯಾನಲ್ಲೋ." ಎಲ್ಲರೂ ನಕ್ಕರು. ಆಮೇಲೆ ಅವನು ಪಟ್ಟಿಯನ್ನು ಕೈಗೆತ್ತಿಕೊಂಡು ಎಳೆದು ನೋಡಿದ, ಒಂದು ಮುಳ್ಳನ್ನು ಒತ್ತಿ ನೋಡಿದ. ನಗು ನಿಂತಿತು. "ಯಾರದ್ದೋ ಇದು ರೇಷ್ಮೆ?"

ಪೆದ್ದಣ್ಣ ಮರುಳಪ್ಪನ ಕಡೆ ತಿರುಗಿದ. "ಸಾಹುಕಾರ್ರೆ, ಹಾಸು ಮುಗಿದಾಗ..." ಎಂದು ಶುರುಮಾಡಿದ.

ಮರುಳಪ್ಪ ಮಾತು ಮುಗಿಸಲು ಬಿಡಲಿಲ್ಲ. "ನನ್ನದೇ" ಎಂದ. "ನಾನೇ ಕೊಟ್ಟಿದ್ದೆ. ಹಾಕಿ ನೋಡು ಅಂತ."

ಸಾಹುಕಾರ ಕರುಣೆಯಿಂದ ಹೇಳಿದನೆಂದು ಪೆದ್ದಣ್ಣ ಒಂದು ಗಳಿಗೆ ನಂಬಿದ್ದ. ಆಮೇಲೆ ತಿಳಿಯಿತು. ಚಳ್ಳಕೆರೆಯ ವರ್ತಕರ ನಡುವೆ ನಿಂತು, ನನ್ನ ನೇಕಾರರು ನನ್ನ ಕಣ್ಣೆದುರೇ ಎರಡು ವರ್ಷ ರೇಷ್ಮೆ ಎತ್ತಿದರು, ನನಗೆ ಗೊತ್ತೇ ಆಗಲಿಲ್ಲ ಎಂದು ಹೇಳಲು ಮರುಳಪ್ಪನಿಗೆ ಆಗದು. ಅವನ ಸೀರೆಯನ್ನು ಕೊಳ್ಳುವವರೇ ಅಲ್ಲಿ ಇಬ್ಬರಿದ್ದರು.

ಆದರೆ ಚಿಕ್ಕಬಸಪ್ಪನ ಕಣ್ಣು ಈಗ ಮರುಳಪ್ಪನ ಮೇಲೆ ನಿಂತಿತು. "ನೀವೇ ಕೊಟ್ಟಿದ್ರೆ, ಹೋದ ಭಾನುವಾರ ಬಿಚ್ಚು ಅಂತ ಯಾಕೆ ಗದರಿಸಿದ್ರಿ? ನಾವು ಒಂದು ತಿಂಗಳು ಸೈಕಲ್ ತಳ್ಳೋವಾಗ ಯಾಕೆ ಹೇಳಲಿಲ್ಲ?"

"ಪರೀಕ್ಷೆ ಮುಗೀಲಿ ಅಂತ."

"ಓಹೋ" ಎಂದ ಚಿಕ್ಕಬಸಪ್ಪ. ಆ ಓಹೋ ಚೆನ್ನಾಗಿರಲಿಲ್ಲ. ಮುಂದಿನ ಭಾನುವಾರದಿಂದ ಅವನು ಬೇರೆ ದಾರಿಯಲ್ಲಿ, ನಾಯಕನಹಟ್ಟಿ ಕಡೆಗೆ, ಬೇರೆ ಜೊತೆಗಾರರೊಡನೆ ಸವಾರಿ ಹೋಗತೊಡಗಿದ. ಆ ದಾರಿಯಲ್ಲೂ ನೆಗ್ಗಿಲು ಇದೆ.

ಪೆದ್ದಣ್ಣನಿಗೆ ಸೈಕಲ್ ಮರಳಿ ಬಂತು. ಪಟ್ಟಿಗಳು ಬರಲಿಲ್ಲ. ಇನ್ನೊಂದು ಚಕ್ರದ್ದನ್ನೂ ಬಿಚ್ಚಿಸಿ, ಮರುಳಪ್ಪ ಎರಡನ್ನೂ ಸುತ್ತಿ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮೊಳಕಾಲ್ಮೂರಿನಲ್ಲಿ ಮನೆ ಮುಂದೆ ಇಳಿಯುವಾಗ, "ನಾಳೆ ಬಂದು ಎಳೆ ಒಯ್ಯಿ" ಎಂದ, ಅಷ್ಟೇ.

ಮಗ್ಗ ಉಳಿಯಿತು. ಆದರೆ ಬೀದಿ ಮೊದಲಿನಂತೆ ಇರಲಿಲ್ಲ. ಹಾಸು ಮುಗಿಯುವ ದಿನ ಮರುಳಪ್ಪ ಮನೆಮನೆಗೂ ತಾನೇ ಬರತೊಡಗಿದ. ಕತ್ತರಿಯನ್ನೂ ಅವನೇ ತರುತ್ತಿದ್ದ. ಬೇರೆ ಸಾಹುಕಾರರೂ ಅದನ್ನೇ ಕಲಿತರು. ಪಕ್ಕದ ಮನೆಯ ದ್ಯಾಮಮ್ಮ ನೀರಿನ ಹತ್ತಿರ ಸೂರಮ್ಮನಿಗೆ ಕೇಳುವಂತೆ, "ಯಾರದೋ ಸೈಕಲ್ ಓಡಬೇಕು ಅಂತ ನಮ್ಮ ಕೂಸಿಗೆ ಉಡಿದಾರ ಇಲ್ಲದಂಗಾತು" ಎಂದಳು. ಸೂರಮ್ಮ ಕೊಡ ಎತ್ತಿಕೊಂಡು ಬಂದುಬಿಟ್ಟಳು.

ಪೆದ್ದಣ್ಣ ಚಾಂದ್ ಪಾಷನ ಅಂಗಡಿಗೆ ಹೋಗುವವನಾದ. ತಿಂಗಳಿಗೆ ಮೂರು ಪಂಚರ್ ಆಗುತ್ತಿದ್ದವು. "ಈಗ ನೀನು ಮನುಷ್ಯ ಆದೆ ಭಾಯಿ" ಎಂದು ಚಾಂದ್ ಪಾಷ ಚಹಾ ತರಿಸಿದ. ಭಾನುವಾರದ ಬುತ್ತಿ ಹೊರಲು ಮರುಳಪ್ಪ ಮತ್ತೆ ಕರೆಯಲಿಲ್ಲ. ಕರೆದರೂ ಹೋಗುತ್ತಿರಲಿಲ್ಲ ಎಂದು ಪೆದ್ದಣ್ಣ ಹೇಳುತ್ತಾನೆ. ಹೋಗುತ್ತಿದ್ದ ಎಂದು ಸೂರಮ್ಮ ಹೇಳುತ್ತಾಳೆ. ಇದೊಂದರಲ್ಲಿ ಇಬ್ಬರ ಮಾತು ಕೂಡಲಿಲ್ಲ.

ಯುಗಾದಿಗೆ ಮುಂಚೆ ಪೆದ್ದಣ್ಣನ ಮಗ್ಗದಲ್ಲಿ ಹಾಸು ಮುಗಿಯಿತು. ಮರುಳಪ್ಪ ಬಂದು ಗುಂಡಿಯ ಅಂಚಿನಲ್ಲಿ ಕುಳಿತು, ಕೊನೆಯ ಸೀರೆ ಕತ್ತರಿಸಿದ ಮೇಲೆ ಉಳಿದ ಎಳೆಗಳನ್ನು ಒಂದೂ ಬಿಡದೆ ಬೆರಳಿಗೆ ಸುತ್ತಿಕೊಂಡ. ನೆಲಕ್ಕೆ ಬಿದ್ದ ನಾಲ್ಕೆಳೆಯನ್ನೂ ಆಯ್ದುಕೊಂಡ. ಸೂರಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು.

"ನಿಮ್ಮ ಸೈಕಲ್ಲಿಗೇನ್ರಿ?" ಎಂದು ಕೇಳಿದಳು.

ಮರುಳಪ್ಪ ತಲೆ ಎತ್ತಲಿಲ್ಲ. ಎಳೆಯ ಸುರುಳಿಯನ್ನು ಅಂಗೈಯಲ್ಲಿಟ್ಟು ಗಾತ್ರ ನೋಡಿದ. "ನೀನು ಹೆಣೆದದ್ದು ಸುತ್ತಿ ನೋಡಿದೆ. ಎರಡೂ ನನ್ನ ಚಕ್ರಕ್ಕೆ ಗಿಡ್ಡ ಆಗ್ಯಾವೆ" ಎಂದ. "ನಾಲ್ಕು ಬೆರಳು ಉದ್ದ ಮಾಡಿ ಕೊಡು. ಯಾರಿಗೂ ಹೇಳಬ್ಯಾಡ."