ಮಡಿಯಲ್ಲಿ ಕಿತ್ತ ಗೋರಿಕಾಯಿ

ಸೊಣ್ಣಮ್ಮನಿಗೆ ಹೊಂಗೆ ಮರದ ಬುಡದ ಜಾಗ ಇನ್ನೂ ಬಾಕಿ ಇದೆ. ಗೋಣಿಚೀಲ ಹಾಸಿ, ಮುಂದೆ ಮಂಕರಿ ಇಟ್ಟು, ಹಿಂದೆ ಕಾಲು ಮಡಚಿ ಕೂರುವಷ್ಟು ಜಾಗ. ಕಿತ್ತುಕೊಂಡವರು ಕೊಡಲಿಲ್ಲ. ನೋಡುತ್ತ ನಿಂತಿದ್ದವರು ಕೇಳಲಿಲ್ಲ. ಇದು ಅರವತ್ತನೇ ಇಸವಿಯ ಆಸುಪಾಸಿನ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಬಯಲಿನಲ್ಲಿ ಬೆಳಗಿನ ಸಂತೆ ನೆರೆಯುತ್ತಿತ್ತು.

ಸೊಣ್ಣಮ್ಮ ಯಡಿಯೂರು ಕೆರೆಯ ಕಡೆಯವಳು. ರಾಗಿ ಹೊಲ ಬಡಾವಣೆಗೆ ಹೋಯಿತು, ಗಂಡ ಜ್ವರಕ್ಕೆ ಹೋದ. ಉಳಿದದ್ದು ಬಾವಿಯ ಪಕ್ಕದ ಒಂದಿಷ್ಟು ತೋಟ ಮತ್ತು ಒಬ್ಬ ಮಗಳು. ತೋಟದಲ್ಲಿ ಮಡಿ ಕಟ್ಟಿ ದಂಟು, ಕೊತ್ತಂಬರಿ, ಗೋರಿಕಾಯಿ ಹಾಕುತ್ತಿದ್ದಳು, ಬೇಲಿಗೆ ಹಾಗಲ ಹಬ್ಬಿಸಿದ್ದಳು. ಗಿಡ ಹಾಕುವ ಪಾತಿಗೆ ನಮ್ಮ ಕಡೆಯ ಒಕ್ಕಲುಮಕ್ಕಳು ಮಡಿ ಅನ್ನುತ್ತಾರೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ರಗಳೆ ಹುಟ್ಟಿದ್ದೇ ಇದರಿಂದ.

ಅವಳು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವವರನ್ನು ಕಂಡು ಕಂಡು, ತನ್ನ ತಕ್ಕಡಿಯನ್ನೇ ದಿನವೂ ತಿರುಗಿಸಿ ನೋಡುತ್ತಿದ್ದಳು. ರಾತ್ರಿ ಅದನ್ನು ಯಾರಾದರೂ ಮುಟ್ಟಿರಬಹುದೆಂದು.

ಗಣೇಶನನ್ನು ನೀರಿಗೆ ಬಿಟ್ಟ ಮೇಲೆ ಪಿತೃಪಕ್ಷ. ಆಗ ಸಂತೆಯ ಮುಖವೇ ಬೇರೆ. ಟೊಮೆಟೊ, ಎಲೆಕೋಸು, ಬೀನ್ಸು ತಿಥಿಯ ಅಡುಗೆಗೆ ಆಗುವುದಿಲ್ಲ, ಅವನ್ನು ಮಾರುವವರು ನೊಣ ಹೊಡೆಯುತ್ತ ಕೂರುತ್ತಿದ್ದರು. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಗೆಣಸು ಇಟ್ಟವರ ಮುಂದೆ ಜನವೋ ಜನ. ಅಮಾವಾಸ್ಯೆ ಕಳೆದರೆ ದಸರಾ, ಆಯುಧಪೂಜೆಯ ಬೂದುಗುಂಬಳಕಾಯಿ. ವರ್ಷದ ಗಂಜಿ ಆ ಒಂದು ತಿಂಗಳಲ್ಲಿ ಹುಟ್ಟಬೇಕು.

ಹಾಗೆ ಒಂದು ಬೆಳಿಗ್ಗೆ ಮೂರನೇ ಬ್ಲಾಕಿನ ಅಲಮೇಲು ಬಂದಳು. ಸರ್ಕಾರಿ ಕಚೇರಿಯ ಗುಮಾಸ್ತ ವೆಂಕಟಾಚಲ ಅವರ ಹೆಂಡತಿ. ಮನೆಯಲ್ಲಿ ಮಾವನವರ ತಿಥಿ. ಗೋರಿಕಾಯಿಯೊಂದನ್ನು ಮುರಿದು ನೋಡಿದಳು.

"ಎಲ್ಲಿಂದ ತಂದದ್ದೇ ಇದು? ದೊಡ್ಡ ಮಾರ್ಕೆಟ್ಟಲ್ಲಿ ಕೊಂಡ್ಕೊಂಡು ಬಂದು ಇಲ್ಲಿ ಮಾರ್ತೀಯೋ?"

"ಯಾಕಮ್ಮ ಕೊಂಡ್ಕೊಂಡ್ ಬರ್ಲಿ? ನಮ್ ಮಡೀದೇ."

"ಮಡೀದಾ?"

"ಊ. ಒತ್ತಾರೆ ಎದ್ದು ನಾನೇ ಮಡೀಲಿ ಕಿತ್ತಿದ್ದು. ಬ್ಯಾರೆಯೋರ್ ಕೈ ಸೋಕಿಲ್ಲ."

ಅಲಮೇಲು ಬೆಲೆಯನ್ನೂ ಕೇಳದೆ ಚೀಲ ತುಂಬಿಸಿಕೊಂಡಳು. ಅವಳ ಮನೆಯಲ್ಲಿ ಮಡಿ ಅಂದರೆ ತಣ್ಣೀರಿನ ಸ್ನಾನ, ಒದ್ದೆ ಬಟ್ಟೆ, ಯಾರನ್ನೂ ಮುಟ್ಟದ ಶುದ್ಧಿ. ಒಕ್ಕಲಗಿತ್ತಿಯೊಬ್ಬಳು ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ತಿಥಿಗೆಂದೇ ಗೋರಿಕಾಯಿ ಕೀಳುತ್ತಾಳೆ ಅನ್ನುವ ಸುದ್ದಿ ಮಾರನೆಯ ದಿನಕ್ಕೆ ಇಡೀ ಸಾಲು ಮನೆಗಳಿಗೆ ಮುಟ್ಟಿತು. ಹೊಂಗೆ ಮರದ ಕೆಳಗೆ ಮಡಿ ಹೆಂಗಸರ ನೂಕುನುಗ್ಗಲು.

ಸೊಣ್ಣಮ್ಮನಿಗೆ ಅದೂ ಅನುಮಾನವೇ. ಪಕ್ಕದಲ್ಲಿ ಕೂರುತ್ತಿದ್ದ ಮುನಿವೆಂಕಟಮ್ಮನ ಕಿವಿಗೆ ಬಾಗಿ, "ಇವ್ರೇನ್ ಬೆಲೆ ಕೇಳ್ದೆ ತಗತಾವ್ರೆ? ಏನೋ ಐತೆ ಕಣೆ," ಅಂದಳು.

"ನಿನ್ ಮಕ ನೋಡಿ ಬಂದವ್ರೆ, ಸುಮ್ಕಿರಕ್ಕ."

"ನನ್ ಮಕ ನೋಡಿ ನಮ್ ಎಮ್ಮೇನೂ ಬರಕಿಲ್ಲ."

ಇದನ್ನೆಲ್ಲ ನೋಡುತ್ತಿದ್ದವನು ಬೈರಣ್ಣ. ಸೊಣ್ಣಮ್ಮನ ಗಂಡನ ದಾಯಾದಿ, ವರಸೆಯಲ್ಲಿ ಮೈದುನ. ಸಂತೆಯ ಸುಂಕ ಹಿಡಿದಿದ್ದ ಗುತ್ತಿಗೆದಾರನಿಗೆ ವಸೂಲಿಯ ಆಳು. ದಸರಾಕ್ಕೆ ಗಾಡಿಗಟ್ಟಲೆ ಬೂದುಗುಂಬಳಕಾಯಿ ತರುವ ತನ್ನ ಬಾಮೈದನಿಗೆ ಹೊಂಗೆಯ ನೆರಳು ಬೇಕೆಂದು ಅವನು ಮೊದಲೇ ಕೇಳಿದ್ದ. ಸೊಣ್ಣಮ್ಮ, "ಕುಂಬಳಕಾಯಿಗೆ ನೆಳ್ಳ್ಯಾಕ್ಲಾ, ಬಿಸ್ಲಿಗೆ ತಲೆನೋವ್ ಬಂದದಾ?" ಅಂದು ಓಡಿಸಿದ್ದಳು. ಸುತ್ತ ಇದ್ದವರು ನಕ್ಕಿದ್ದರು. ಆ ನಗುವನ್ನು ಅವನು ಮರೆತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಅಮಾವಾಸ್ಯೆಯ ಹಿಂದಿನ ದಿನ ಅಲಮೇಲು ಮತ್ತೆ ಬಂದಳು. ಯಾರು ಅವಳ ಕಿವಿ ಊದಿದ್ದರೋ, ಈ ಸಲ ಚೀಲ ಇರಲಿಲ್ಲ, ಹಿಂದೆ ಇನ್ನೂ ಕೆಲವು ಹೆಂಗಸರಿದ್ದರು.

"ಏನೇ ಸೊಣ್ಣಮ್ಮ, ಮಡೀಲಿ ಕಿತ್ತಿದ್ದು ಅಂದ್ಯಲ್ಲ?"

"ಊ ಕಣಮ್ಮ."

"ಸ್ನಾನ ಮಾಡಿದ್ಯಾ?"

ಸೊಣ್ಣಮ್ಮನಿಗೆ ಅರ್ಥವಾಗಲಿಲ್ಲ. "ಯಾರ್ಗೆ, ಗಿಡಕ್ಕಾ? ನೆನ್ನೆ ಸಂಜೆ ನೀರ್ ಬಿಟ್ಟಿವ್ನಿ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ದನಿ, "ಯಾವ ನೀರು? ಮೋರಿ ನೀರಂತೆ," ಅಂದಿತು. ಹೆಂಗಸಿನ ದನಿಯೋ ಗಂಡಸಿನ ದನಿಯೋ, ಅದರ ಬಗ್ಗೆಯೇ ಸಾಕ್ಷಿಗಳಲ್ಲಿ ಒಮ್ಮತವಿಲ್ಲ.

ಅಲಮೇಲುವಿನ ಮುಖ ಬಿಳಿಚಿಕೊಂಡಿತು. "ಮಾವನವರ ಎಲೆಗೆ ಬಡಿಸಿದೀನಿ ಕಣೇ ಅದನ್ನ. ಸುಳ್ಳು ಹೇಳಿ ಮಾರಿದ್ಯಲ್ಲೇ."

"ನಾನೇನ್ ಸುಳ್ಳೇಳ್ದೆ? ಮಡೀಲ್ ಕೀಳ್ದೆ ಸೂರ್ ಮ್ಯಾಲ್ ಕೀಳ್ತಾರಾ?"

ಬೈರಣ್ಣ ನಡುವೆ ಬಂದ. ಹೆಗಲ ಮೇಲಿನ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಅಮ್ಮಾವ್ರೇ, ನಮ್ ಅತ್ಗೆ ಬಾಯಿ ಹಂಗೇಯ. ನಿಮ್ಮಂತೋರ್ಗೆ ಮಡಿ ಅಂತೇಳಿ ಮಾರ್ಬಾರ್ದಿತ್ತು. ತೆಪ್ಪಾಯ್ತು," ಅಂದ. ಆಮೇಲೆ ಅವಳ ಕಡೆ ತಿರುಗಿ, "ಹಬ್ಬ ಕಳೆಯಗಂಟ ಇಲ್ ಕೂರ್ಬೇಡ ಅತ್ಗೆ. ಗಲಾಟೆ ಆಯ್ತದೆ," ಅಂದು ಮಂಕರಿಯನ್ನು ತಾನೇ ಎತ್ತಿ ರಸ್ತೆಯ ಬದಿಗೆ ಇಟ್ಟ.

ಇಲ್ಲಿ ಸ್ವಲ್ಪ ನಿಲ್ಲಿ. ಬೈರಣ್ಣ ಹುಟ್ಟಿದ್ದು ಯಡಿಯೂರಿನಲ್ಲಿ, ಪಾತಿಗೆ ಮಡಿ ಅನ್ನುತ್ತಲೇ ಬೆಳೆದವನು. ಹರೆಯದಲ್ಲಿ ಬಸವನಗುಡಿಯ ಮನೆಗಳಿಗೆ ಹಾಲು ಹಾಕುತ್ತಿದ್ದ. 'ಮಡೀಲಿದೀನಿ, ದೂರ ಇಡಪ್ಪ' ಅನ್ನುವುದನ್ನು ದಿನವೂ ಕೇಳಿದವನು. ಆ ಬಯಲಿನಲ್ಲಿ ಎರಡು ಮಡಿಯೂ ಗೊತ್ತಿದ್ದವನು ಅವನೊಬ್ಬನೇ. ಒಂದು ಮಾತಿನಲ್ಲಿ ಬಗೆಹರಿಯುವುದಿತ್ತು. ಅವನು ಆ ಮಾತನ್ನು ನುಂಗಿ ಕ್ಷಮೆ ಕೇಳಿದ. ಕೇಳದೆಯೇ ತಪ್ಪೊಪ್ಪಿಕೊಳ್ಳುವವನನ್ನು ಕಂಡರೆ ನನಗೆ ಮೊದಲು ಅವನ ಜೇಬಿನ ಮೇಲೆ ಕಣ್ಣು ಹೋಗುತ್ತದೆ.

ಮೋರಿಯ ವಿಷಯಕ್ಕೆ ಬಂದರೆ, ಸೊಣ್ಣಮ್ಮ ಬಾವಿಯಿಂದ ಸೇದಿ ಹೊಯ್ಯುತ್ತಿದ್ದಳು. ನಾನು ಹೋಗಿ ನೋಡಿ ಬಂದೆ, ಹಗ್ಗ ಉಜ್ಜಿ ಅವಳ ಅಂಗೈ ಚಪ್ಪಲಿಯ ಅಟ್ಟೆಯ ಹಾಗಿತ್ತು. ಆ ಕಡೆ ಮೋರಿ ಹರಿಯುತ್ತಿದ್ದದ್ದು ನಿಜ. ಅದರಲ್ಲಿದ್ದದ್ದು ಬಡಾವಣೆಯ ಬಚ್ಚಲುಗಳ ನೀರು.

ಅಮಾವಾಸ್ಯೆಯ ದಿನ ಮಾರದೆ ಉಳಿದ ಗೋರಿಕಾಯಿಗೆ ಹುಚ್ಚೆಳ್ಳು ಹುರಿದು ಪುಡಿ ಹಾಕಿ ಪಲ್ಯ ಮಾಡಿದಳು. ಸಿಹಿಗುಂಬಳದ ಹುಳಿ, ಕೋಳಿ ಸಾರು, ಮುದ್ದೆ. ಗಂಡನ ಪಂಚೆ ಮಡಚಿಟ್ಟು ಅದರ ಮುಂದೆ ಎಡೆ ಇಟ್ಟಳು. ಮುನಿವೆಂಕಟಮ್ಮ ಅಲ್ಲೇ ಇದ್ದಳಂತೆ. ಸೊಣ್ಣಮ್ಮ ಕೈ ಮುಗಿಯಲಿಲ್ಲ. "ತಿನ್ನು. ಮೋರಿ ವಾಸ್ನೆ ಬಂದ್ರೆ ಹೇಳು. ಬರ್ದಿದ್ರೆ ನಿನ್ ತಮ್ಮುನ್ ಕನಸ್ನಾಗೋಗಿ ಅವನ್ಗೇಳು," ಅಂದಳಂತೆ.

ಆಮೇಲೆ ಮಂಕರಿ ಹೊತ್ತು ಬೀದಿ ಬೀದಿ ತಿರುಗತೊಡಗಿದಳು. ಒಂದು ದಿನ ಅಲಮೇಲುವೇ ಹಿತ್ತಿಲ ಬಾಗಿಲಿಂದ ಕೂಗಿದಳು. ದನಿ ತಗ್ಗಿಸಿ ಹೇಳಿದಳು:

"ನಮ್ಮೋರು ಹೇಳಿದ್ರು ಕಣೇ. ನಿಮ್ಮಲ್ಲಿ ಪಾತಿಗೆ ಮಡಿ ಅಂತಾರಂತೆ. ನಂಗೇನು ಗೊತ್ತು?"

"ಈಗ ಗೊತ್ತಾಯ್ತಲ್ಲ ತಾಯಿ. ಸಂತೆಗ್ ಬಂದು ಅದೊಂದ್ ಮಾತ್ ಹೇಳ್ಬುಡಿ. ಬೈರಣ್ಣ ಬಾಯ್ ಮುಚ್ಕತಾನೆ, ನನ್ ಜಾಗ ನಂಗಾಯ್ತದೆ."

"ಅಲ್ಲಿ ಗಂಡಸರೆಲ್ಲ ಇರ್ತಾರೆ. ಹೇಗೆ ಹೇಳ್ಲೇ?"

"ಬಯ್ಯೋ ಹೊತ್ನಾಗೂ ಇದ್ರು."

ಅಲಮೇಲು ಸೆರಗಿನ ತುದಿ ಹೊಸೆದಳು. "ಹಾಗಲಕಾಯಿ ಹೇಗೆ ಕೊಟ್ಟೆ?" ಅಂದಳು.

"ಮಾರಕಿಲ್ಲ," ಅಂದು ಸೊಣ್ಣಮ್ಮ ಮಂಕರಿ ತಲೆಗೇರಿಸಿದಳು.

ಅಲಮೇಲು ಸಂತೆಗೆ ಬರಲಿಲ್ಲ. ನಾವು ಸಂತೆ ವ್ಯಾಪಾರಿಗಳ ಸಂಘದವರು ಗುತ್ತಿಗೆದಾರನ ಮುಂದೆ ಕೂತು ಕೂಗಾಡಿದೆವು. ಅವನು ಎಲೆಅಡಿಕೆ ಜಗಿಯುತ್ತ, "ಆ ಅಮ್ಮಾವ್ರೇ ಬಂದು ಹೇಳ್ಲಿ, ಈಗ್ಲೇ ಕೂರಿಸ್ತೀನಿ," ಅಂದ. ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಅನ್ನುವುದು ನನಗೆ ಇನ್ನೂ ಗೊತ್ತಾಗಿಲ್ಲ. ದಸರಾದಲ್ಲಿ ಹೊಂಗೆಯ ನೆರಳಿನಲ್ಲಿ ಬೂದುಗುಂಬಳಕಾಯಿಗಳು ತಣ್ಣಗೆ ಕೂತಿದ್ದವು, ಪಕ್ಕದಲ್ಲಿ ಬೈರಣ್ಣನ ಬಾಮೈದ ಬೀಡಿ ಸೇದುತ್ತಿದ್ದ. ಹಬ್ಬ ಕಳೆದ ಮೇಲೂ ಜಾಗ ವಾಪಸ್ಸಾಗಲಿಲ್ಲ, ಸೊಣ್ಣಮ್ಮ ಮೊಣಕಾಲು ಹೋಗುವವರೆಗೆ ಬೀದಿ ಅಲೆದಳು. ಬಾವಿ ಮುಚ್ಚಿ ತೋಟವನ್ನೂ ಸೈಟು ಮಾಡಿದರು.

ಆ ದಿನ ಗುಂಪಿನಲ್ಲಿದ್ದ ಹೆಂಗಸರು ಈಗಲೂ ಇದೇ ಬ್ಲಾಕುಗಳಲ್ಲಿದ್ದಾರೆ. ಅವರಲ್ಲೊಬ್ಬರು ನಿಮ್ಮ ತಾಯಿ ಇರಬಹುದು, ನಿಮ್ಮ ಅತ್ತೆ ಇರಬಹುದು, ಇದನ್ನು ಓದುತ್ತಿರುವ ನೀವೇ ಇರಬಹುದು. ಮೋರಿ ನೀರು ಅಂದದ್ದು ಯಾರು? ಅವರಿಗೆ ಹಾಗೆ ಅನ್ನಲು ಹೇಳಿಕೊಟ್ಟದ್ದು ಯಾರು? ಗೊತ್ತಿದ್ದರೆ ಹೆಸರು ಹೇಳಿ. ನನ್ನ ಕಿವಿಯಲ್ಲಿ ಪಿಸುಗುಟ್ಟಬೇಡಿ, ಕಾಗದ ಬರೆಯಬೇಡಿ. ಸೊಣ್ಣಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದಾಳೆ, ಕಿವಿ ಚೆನ್ನಾಗಿ ಕೇಳಿಸುತ್ತದೆ. ಹೋಗಿ ಅವಳ ಎದುರು ನಿಂತು, ಬೀದಿಯಲ್ಲಿರುವವರಿಗೆಲ್ಲ ಕೇಳುವ ಹಾಗೆ ಹೇಳಿ.