ನೀರು ಕುಡಿಯುವ ಬಟ್ಟೆ

ಸೊಲ್ಲಾಪುರದಲ್ಲಿ ನಮ್ಮದು ಚಾದರ, ಟವೆಲ್ಲುಗಳ ಅಂಗಡಿ. ಗಿರಾಕಿ ಟವೆಲ್ ಮುಟ್ಟಿ ಅನುಮಾನ ಮಾಡಿದರೆ ನಾವು ಒಂದು ಆಟ ತೋರಿಸುತ್ತೇವೆ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವರ ಅಂಗೈ ಮೇಲಿಟ್ಟು, ಅರ್ಧ ಲೋಟ ನೀರು ಸುರಿಯುತ್ತೇವೆ. ಅಂಗೈ ಒದ್ದೆಯಾಗುವುದಿಲ್ಲ. “ಎಷ್ಟ ನೀರ ಕುಡೀತದ ನೋಡ್ರಿ, ಒಂದ ಹನಿ ಬಿಡಂಗಿಲ್ಲ,” ಎನ್ನುತ್ತೇವೆ. ಅಜ್ಜ, ಅಪ್ಪ ಹೀಗೇ ಅನ್ನುತ್ತಿದ್ದರು, ನಾನೂ ಅನ್ನುತ್ತೇನೆ. ಈ ಮಾತಿನ ಮೇಲೆಯೇ ನಮ್ಮ ಮನೆ ನಡೆದಿದೆ.

ನಲವತ್ತು ದಾಟಿದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಝಂಸ್ಕಾರ ನದಿಯ ಮೇಲೆ ನಡೆಯಬೇಕು! ಪಕ್ಕದ ಅಂಗಡಿಯವನು ಹೋಗಿ ಬಂದು ವಾರಗಟ್ಟಲೆ ಫೋಟೋ ತೋರಿಸಿ ನನ್ನ ಹೊಟ್ಟೆ ಉರಿಸಿದ್ದ. ಅದೂ ಅಲ್ಲದೆ ಆ ವರ್ಷ ನಾವು ಟವೆಲ್ ಬಟ್ಟೆಯಲ್ಲೇ ದಪ್ಪ ಕಾಲುಚೀಲ ಹೊಲಿಸಿ ಮಾರಲು ಸುರು ಮಾಡಿದ್ದೆವು. ಅದನ್ನು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ನಿಂತ ಆಳಿನ ದೊಡ್ಡ ಫೋಟೋ ಅಂಗಡಿಯಲ್ಲಿ ತೂಗುಬಿಟ್ಟರೆ ಪಕ್ಕದವನ ಬಾಯಿ ಬಂದ್ ಆಗುತ್ತದೆ ಎಂದುಕೊಂಡೆ.

ಆಳು ಮನೆಯಲ್ಲೇ ಸಿಕ್ಕ. ಹೆಂಡತಿಯ ತಮ್ಮ, ನಾಗಣಸೂರಿನಲ್ಲಿ ಹೊಲ ಮಾಡಿಕೊಂಡಿದ್ದವನು. ಎರಡು ಮಕ್ಕಳ ತಂದೆ, ಆರಡಿ ಎತ್ತರ, ಒಳ್ಳೆಯ ಮೀಸೆ. ತೊಗರಿ ಕೊಯ್ದ ಕೂಳೆಯ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ. ಹೆಣ್ಣು ಕೊಟ್ಟ ಮನೆಯವರು ಅಳಿಯನ ಎದುರು ಬೇಡ ಎನ್ನುವುದಿಲ್ಲ, ಇಂಥದ್ದು ಬೇಕು ಎಂದು ಕೇಳುವುದೂ ಇಲ್ಲ. ನಮ್ಮ ಕಡೆ ಅದು ಹಾಗೇ. ನಾನು ಬಾ ಅಂದೆ, ಅವನು ಬಂದ.

ಹೊರಡುವ ದಿನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. “ಅಂವಾ ಏನೂ ಬಾಯಿ ಬಿಟ್ಟ ಕೇಳಂಗಿಲ್ಲ. ನೀವೇ ನೋಡಿ ಕೊಡಬೇಕು. ಕೇಳಲಿ ಅಂತ ಕುಂದರಬ್ಯಾಡ್ರಿ,” ಅಂದಳು. ಆಯ್ತು ಬಿಡು ಎಂದು ನಾನು ಕೈ ಬೀಸಿದೆ.

ಲೇಹ್‌ನಲ್ಲಿ ನಮ್ಮ ಗೈಡ್ ಎಲ್ಲರ ಚೀಲ ಬಿಚ್ಚಿಸಿ ನೋಡಿದ. ನಮ್ಮ ಕಾಲುಚೀಲವನ್ನು ಬೆರಳಲ್ಲಿ ಹಿಸುಕಿ, ಇದು ಹತ್ತಿ, ನೀರು ಹಿಡಿದರೆ ಬಿಡುವುದಿಲ್ಲ, ಉಣ್ಣೆಯದು ಕೊಂಡುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿ ಬದಿಗೆ ಎಸೆದ. ನಾವು ಮೂರು ತಲೆಮಾರಿನಿಂದ ಹೊಗಳಿ ಮಾರಿದ ಗುಣವನ್ನೇ ಅವನು ದೋಷ ಅಂದಿದ್ದ. ನನಗೆ ಮೈ ಉರಿಯಿತು. ಎಸೆದದ್ದನ್ನು ಹೆಕ್ಕಿ ಮೈದುನನ ಕೈಗೆ ಕೊಟ್ಟು, “ಹಾಕ್ಕೋ. ಕುರಿ ಕಾಯೋರಿಗೆ ಹತ್ತಿ ಬಗ್ಗೆ ಏನ್ ಗೊತ್ತು,” ಅಂದೆ. ಸಂಜೆ ಒಬ್ಬನೇ ಪೇಟೆಗೆ ಹೋಗಿ ನನಗಾಗಿ ಎರಡು ಜೊತೆ ಉಣ್ಣೆಯ ಕಾಲುಚೀಲ ತಂದೆ. ಅವನಿಗೆ ತರಲಿಲ್ಲ. ತಂದರೆ ನಮ್ಮ ಮಾಲು ಚಳಿಗೆ ಆಗುವುದಿಲ್ಲ ಎಂದು ನಾಗಣಸೂರಿನವನ ಎದುರು ನಾನೇ ಒಪ್ಪಿಕೊಂಡ ಹಾಗೆ. ನನ್ನವನ್ನು ಚೀಲದ ತಳದಲ್ಲಿ ಮುಚ್ಚಿಟ್ಟೆ.

ಆ ನದಿಯ ಮೇಲೆ ಕಾಲೆತ್ತಿ ನಡೆಯುವಂತಿಲ್ಲ, ಪಾದ ಜಾರಿಸುತ್ತಲೇ ಹೋಗಬೇಕು. ಎರಡೂ ಕಡೆ ಕಡಿದಾದ ಬಂಡೆ, ಕಾಲಡಿಯಲ್ಲಿ ನೀರು ಹರಿಯುವ ಸದ್ದು. ನಾನು ದಿನಕ್ಕೆ ಹತ್ತು ಸಲ ಬಿದ್ದೆ. ಅವನು ಬೀಳಲಿಲ್ಲ. ನನ್ನ ಚೀಲವನ್ನೂ ತನ್ನ ಹೆಗಲಿಗೆ ಹಾಕಿಕೊಂಡು, “ನಿಧಾನ ಬರ್ರಿ ಮಾವಾರ,” ಎನ್ನುತ್ತಿದ್ದ. ಅವನು ಬೀಳದೆ ಇದ್ದದ್ದಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ಮೂರನೆಯ ದಿನ ಒಂದು ಕಡೆ ಮಂಜುಗಡ್ಡೆ ಬಿರಿಯಿತು. ಎರಡು ಚೀಲದ ಭಾರ ಹೊತ್ತಿದ್ದ ಅವನು ಮೊಳಕಾಲಿನವರೆಗೆ ಇಳಿದ. ರಬ್ಬರಿನ ಗಮ್‌ಬೂಟಿನೊಳಗೆ ನೀರು ತುಂಬಿತು. ಗೈಡ್ ಓಡಿ ಬಂದು ಎಳೆದುಕೊಂಡ. ಒಣ ಉಣ್ಣೆಯ ಕಾಲುಚೀಲ ಇದೆಯೇ ಎಂದು ಕೇಳಿದ. ಮೈದುನ ನನ್ನ ಮುಖ ನೋಡಿದ. ನಾನು, ಇವೆ, ಇವೆ, ಟೆಂಟಿಗೆ ಹೋಗಿ ಹಾಕಿಕೊಳ್ಳುತ್ತಾನೆ ಎಂದು ಹಿಂದಿಯಲ್ಲಿ ಅಂದುಬಿಟ್ಟೆ.

ಟೆಂಟಿನಲ್ಲಿ ಅವನು ಒದ್ದೆ ಕಾಲುಚೀಲಗಳನ್ನು ಹಿಂಡಿದ. ಎಷ್ಟು ಹಿಂಡಿದರೂ ಹನಿ ಬರುತ್ತಲೇ ಇತ್ತು. ಎರಡನೆಯ ಜೊತೆ ಹಿಂದಿನ ದಿನದ ಬೆವರಿಗೇ ನೆನೆದು, ಹಗ್ಗದ ಮೇಲೆ ಹಪ್ಪಳದಂತೆ ಸೆಟೆದು ನಿಂತಿತ್ತು. ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಮೆತ್ತಗೆ ಮಾಡುತ್ತಿದ್ದ. ನನ್ನ ಕಾಲಲ್ಲಿ ಒಂದು ಜೊತೆ ಉಣ್ಣೆ, ತಲೆಯಡಿಯ ಚೀಲದಲ್ಲಿ ಇನ್ನೊಂದು ಜೊತೆ. ಒಣಗಿದ್ದು. ನಾನು ಮಲಗಿದಲ್ಲಿಂದಲೇ, “ಏನರೆ ಬೇಕೇನೋ?” ಅಂದೆ.

“ಏನೂ ಬ್ಯಾಡ್ರಿ ಮಾವಾರ. ನನ್ನವು ಒಣಗ್ಯಾವ.”

ಅವನು ಹಾಗೇ ಹೇಳುತ್ತಾನೆಂದು ಗೊತ್ತಿದ್ದೇ ಕೇಳಿದ್ದೆ. ನಾಳೆ ನನ್ನವು ಒದ್ದೆಯಾದರೆ ಎಂಬ ಹೆದರಿಕೆ ನನಗೆ. ಮಗ್ಗುಲಾದೆ. ನಿದ್ದೆಯೂ ಚೆನ್ನಾಗಿ ಬಂತು.

ಬೆಳಿಗ್ಗೆ ಬಿಸಿಲು ಬಿತ್ತು. ಫೋಟೋಗೆ ಹೇಳಿ ಮಾಡಿಸಿದ ಬಿಸಿಲು. ಅವನಿಗೆ ಬೂಟು ಬಿಚ್ಚಿಸಿ, ಹೆಗಲಿಗೆ ನಮ್ಮ ಚಾದರ ಹೊದಿಸಿ, ಕಾಲುಚೀಲದಲ್ಲಿ ನದಿಯ ನಡುವೆ ನಿಲ್ಲಿಸಿದೆ. “ನಗು. ಇನ್ನೊಂದ. ಮೀಸಿ ತಿರುವು. ಇನ್ನೊಂದ.” ಅವನು ನಕ್ಕ. ಕಾಲು ಹೇಗಿದೆ ಎಂದೆ. “ನಿನ್ನಿ ಭಾಳ ನೋಯತಿತ್ತು. ಈಗ ಏನೂ ಗೊತ್ತಾಗವಲ್ದು, ಆರಾಮ ಅದ,” ಅಂದ. ನೋಡಿದೆಯಾ ನಮ್ಮ ಮಾಲು ಅಂತ ನಾನು ಎದೆ ಉಬ್ಬಿಸಿದೆ.

ಆಗ ಇದು ಗೈಡಿನ ಕಣ್ಣಿಗೆ ಬಿತ್ತು. ಕೂಗುತ್ತಾ ಬಂದು ಅವನನ್ನು ಕೂರಿಸಿ ಕಾಲುಚೀಲ ಎಳೆದ. ಎಡಗಾಲಿನ ಬೆರಳುಗಳು ಸುಲಿದ ಬೆಳ್ಳುಳ್ಳಿಯ ಎಸಳಿನಂತೆ ಬಿಳಿಚಿ ಗಟ್ಟಿಯಾಗಿದ್ದವು. ಆ ಗೈಡ್ ತನ್ನ ಅಂಗಿ ಎತ್ತಿ, ಗುರುತು ಪರಿಚಯ ಇಲ್ಲದವನ ಪಾದವನ್ನು ಬರಿ ಹೊಟ್ಟೆಗೆ ಒತ್ತಿ ಹಿಡಿದು ಕೂತ. ನಾನು ಆಗ ಚೀಲದ ತಳದಿಂದ ಉಣ್ಣೆಯ ಜೊತೆ ತೆಗೆದು ಕೊಟ್ಟೆ. ಮೈದುನ ಅದನ್ನು ನೋಡಿದ, ನನ್ನನ್ನು ನೋಡಿದ. “ನಿಮಗ ಇರಲಿ ಮಾವಾರ,” ಅಂದ. ಚುಚ್ಚಿ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನಿಗೆ ಚುಚ್ಚಲು ಬರುವುದಿಲ್ಲ.

ಅವನನ್ನು ಹೊತ್ತು ತಂದರು. ಬೆರಳು ಕಪ್ಪಾದವು. ಸೊಲ್ಲಾಪುರಕ್ಕೆ ಬಂದ ಮೇಲೆ ಹೆಬ್ಬೆರಳು ಸೇರಿ ಮೂರನ್ನು ತೆಗೆದರು. ಎರೆಮಣ್ಣಿನಲ್ಲಿ ಹೆಬ್ಬೆರಳು ಊರದೆ ನಡೆಯುವುದು ಕಷ್ಟ. ಈಗ ಹೊಲದಲ್ಲಿ ಬದುವಿನ ಮೇಲೆ ಕೂತು ಕೆಲಸ ಹೇಳುತ್ತಾನೆ. ನೀರಿಗೆ ತಾನೇ ಬಿದ್ದೆ, ಮಾವಂದೇನೂ ತಪ್ಪಿಲ್ಲ ಎಂದು ಎಲ್ಲರಿಗೂ ಹೇಳಿದ್ದಾನೆ. ಹೆಂಡತಿ ನಂಬಿಲ್ಲ. ನನ್ನ ಚೀಲ ಬಿಚ್ಚಿ ಒಗೆಯಲು ಹಾಕಿದವಳು ಅವಳೇ. ಉಣ್ಣೆಯ ಎರಡು ಜೊತೆಯನ್ನೂ ಮಡಿಸಿ ನನ್ನ ಕಪಾಟಿನಲ್ಲಿಟ್ಟಳು. ಫೋಟೋ ಅಂಗಡಿಯಲ್ಲಿ ತೂಗುತ್ತಿದೆ. ಚೆನ್ನಾಗಿ ಬಂದಿದೆ.

ಮುಂದಿನ ಎಳ್ಳಮಾಸಿ ಹಬ್ಬಕ್ಕೆ ನಾಗಣಸೂರಿಗೆ ಹೋದೆವು. ಅಳಿಯ ಬಂದರೆ ಅಂಗಳದಲ್ಲಿ ಕಾಲಿಗೆ ನೀರು ಕೊಡುವುದು ಆ ಮನೆಯ ಗಂಡುಮಗನ ಕೆಲಸ. ಅವನೇ ತಂಬಿಗೆ ಹಿಡಿದು ಬಂದ, ಎಡಗಾಲನ್ನು ಹಿಮ್ಮಡಿಯ ಮೇಲೆ ಊರುತ್ತಾ. ಹೆಗಲ ಮೇಲೆ ನಮ್ಮ ಅಂಗಡಿಯ ಟವೆಲ್. ಬಗ್ಗಿ ನನ್ನ ಪಾದದ ಮೇಲೆ ನೀರು ಸುರಿದ. ನನ್ನ ಹತ್ತೂ ಬೆರಳು ಅವನ ಮುಖದ ಕೆಳಗಿದ್ದವು. ನನಗೆ ಹೇಸಿಗೆಯಾಯಿತು, ನನ್ನ ಮೇಲೆಯೇ.

“ನೀರ ಭಾಳ ತಣ್ಣಗ ಅದಾವೇನ್ರಿ ಮಾವಾರ?” ಅಂದ.

ಇಲ್ಲಪ್ಪ, ಸಾಕು ಎನ್ನಬೇಕಿತ್ತು. “ಹೌದ, ಜರಾ ತಣ್ಣಗ ಅದಾವ,” ಎಂದು ಬಾಯಿಂದ ಬಂತು.

“ತಡೀರಿ, ಬಿಸಿನೀರ ತರ್ತೀನಿ,” ಎಂದು ಅವನು ತಿರುಗಿ ಒಲೆಯ ಕಡೆ ಕುಂಟುತ್ತಾ ಹೋದ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅವನನ್ನು ಕರೆಯಲಿಲ್ಲ. ಒದ್ದೆ ಕಾಲು ಮುಂದೆ ಇಟ್ಟುಕೊಂಡು ಕಾಯುತ್ತಾ ನಿಂತೆ.